ಗುರಿ ತಪ್ಪಿದರೆ ಪರೀಕ್ಷೆಯೂ ವ್ಯರ್ಥ

2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಸಂಯುಕ್ತಾಕ್ಷರವೊಂದು, ಕಣ್ಣಿಗೆ ಕಾಣದ ಒಂದು ಸಂಕೇತದೊಡನೆ ಸಂದೇಶವಾಗಿ ಬಂದಾಗ, ಐಫೋನುಗಳಲ್ಲಿ ಅದನ್ನು ತೋರಿಸಹೊರಟ ಆ್ಯಪ್‌ಗಳು ಕುಸಿದವು. ಅದೇ ತಿಂಗಳ 19ರಂದು ಆಪಲ್ ಸಂಸ್ಥೆ ತಿದ್ದುಪಡಿಯನ್ನು ಹೊರಡಿಸಿತು. ಅಪರಾಧ ಅಕ್ಷರದ್ದಾಗಿರಲಿಲ್ಲ, ಅಕ್ಷರಗಳನ್ನು ಜೋಡಿಸುವ ತಂತ್ರಾಂಶದ್ದಾಗಿತ್ತು. ತೆಲುಗಿನಂತೆಯೇ ಒತ್ತಕ್ಷರಗಳುಳ್ಳ ಕನ್ನಡಕ್ಕೂ ಈ ಪಾಠ ಸಲ್ಲುತ್ತದೆ.

ಇಂತಹ ದೋಷಗಳನ್ನು ಮೊದಲೇ ಹಿಡಿಯುವ ವಿಧಾನಗಳಲ್ಲಿ ‘ಫಝ್ ಪರೀಕ್ಷೆ’ ಒಂದು. ಅಡ್ಡಾದಿಡ್ಡಿ ಮಾಹಿತಿಯನ್ನು ಎಡೆಬಿಡದೆ ಉಣಿಸಿ, ತಂತ್ರಾಂಶ ಎಲ್ಲಿ ಮುರಿಯುತ್ತದೆಂದು ನೋಡುವುದೇ ಇದರ ಕ್ರಮ. 1988ರ ಒಂದು ಬಿರುಮಳೆಯ ರಾತ್ರಿ ದೂರವಾಣಿ ತಂತಿಯಲ್ಲಿ ನುಸುಳಿದ ಗದ್ದಲದಿಂದ ಯುನಿಕ್ಸ್ ಉಪಕರಣಗಳು ಕುಸಿದುದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಗಮನಿಸಿದರು. ಅವರ ತಂಡ ಪರೀಕ್ಷಿಸಿದ ಉಪಕರಣಗಳಲ್ಲಿ ಶೇಕಡ 25ರಿಂದ 33ರಷ್ಟು ಕುಸಿದವೆಂದು 1990ರಲ್ಲಿ ಪ್ರಕಟವಾಯಿತು.

ಆದರೆ ಪರೀಕ್ಷಕ ಯಂತ್ರಕ್ಕೆ ಗುರಿಯನ್ನು ಮನುಷ್ಯನೇ ತೋರಿಸಬೇಕು. ‘ಎಎಫ್‌ಎಲ್’ನಲ್ಲಿ ಪರೀಕ್ಷಿಸಬೇಕಾದ ತಂತ್ರಾಂಶದ ಹೆಸರನ್ನು ಆಜ್ಞೆಯ ಕೊನೆಯಲ್ಲಿ ಬರೆಯಬೇಕು, ಅಲ್ಲಿ ‘@@’ ಎಂದಿಟ್ಟ ಕಡೆ ಯಂತ್ರವು ತಾನು ಸೃಷ್ಟಿಸಿದ ಕಡತದ ಹೆಸರನ್ನು ತುಂಬುತ್ತದೆ. ‘ಲಿಬ್‌ಫಝರ್’ನಲ್ಲಿ ಗುರಿ ಇಡೀ ತಂತ್ರಾಂಶವಲ್ಲ, ಅದರೊಳಗಿನ ಒಂದು ಕಾರ್ಯಭಾಗ. ಇಡೀ ಬ್ರೌಸರನ್ನೇ ಗುರಿಯಾಗಿಸಿದರೆ ಪರೀಕ್ಷೆ ನಿಧಾನ. ಬಹುಪಾಲು ಮಾಹಿತಿ ಹೊಸ್ತಿಲಲ್ಲೇ ತಿರಸ್ಕೃತವಾಗುತ್ತದೆ. ಅಕ್ಷರ ಜೋಡಿಸುವ ಭಾಗವನ್ನಷ್ಟೇ ಆರಿಸಿದರೆ ಕ್ಷಣಕ್ಕೆ ಸಾವಿರಾರು ಪ್ರಯತ್ನಗಳು ಸಾಧ್ಯ. ಕನ್ನಡವನ್ನೂ ಜೋಡಿಸುವ ‘ಹಾರ್ಫ್‌ಬಝ್’ ತಂತ್ರಾಂಶಕ್ಕೆ ಹೀಗೆಯೇ ಪ್ರತ್ಯೇಕ ಗುರಿಗಳಿವೆ.

ಗುರಿಯಿಂದ ಹೊರಗುಳಿದುದು ಮಾತ್ರ ಪರೀಕ್ಷೆಗೆ ಒಳಪಡುವುದೇ ಇಲ್ಲ. ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ 2012ರಿಂದ 2014ರವರೆಗೆ ಬಯಲಾಗದೆ ಉಳಿದಿತ್ತು. 2015ರಲ್ಲಿ ಪತ್ರಕರ್ತ ಹ್ಯಾನೋ ಬೋಕ್, ಸಂಪರ್ಕದ ಆರಂಭಿಕ ವಿನಿಮಯವನ್ನೇ ಗುರಿಯಾಗಿಸಿದಾಗ ಎಎಫ್‌ಎಲ್ ಆ ದೋಷವನ್ನು ಸುಮಾರು ಆರು ಗಂಟೆಗಳಲ್ಲಿ ಕಂಡುಹಿಡಿಯಿತು.

ಗುರಿಯ ಆಯ್ಕೆಗೆ ಕಾನೂನಿನ ಮುಖವೂ ಇದೆ. ಮುಕ್ತ ತಂತ್ರಾಂಶದ ಪ್ರತಿಯನ್ನು ತನ್ನ ಗಣಕಯಂತ್ರದಲ್ಲಿ ಪರೀಕ್ಷಿಸುವುದು ಬೇರೆ. ಅನ್ಯರ ಸರ್ವರಿನ ವಿಳಾಸವನ್ನು ಗುರಿಯಾಗಿ ಬರೆಯುವುದು ಬೇರೆ. ಒಡೆಯನ ಅನುಮತಿಯಿಲ್ಲದೆ ಗಣಕವ್ಯವಸ್ಥೆಯನ್ನು ಪ್ರವೇಶಿಸಿದರೆ ಅಥವಾ ಅಸ್ತವ್ಯಸ್ತಗೊಳಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮಿನಂತೆ ಪರಿಹಾರ ತೆರಬೇಕಾಗುತ್ತದೆ. ಅದೇ ಕೃತ್ಯ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ನಡೆದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ಆದ್ದರಿಂದ ಈ ವಿದ್ಯೆಯನ್ನು ಕಲಿಯುವ ತರುಣರು ಗುರಿಯ ಸಾಲನ್ನು ಬರೆಯುವ ಮುನ್ನ ಲಿಖಿತ ಅನುಮತಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು.