ಎಣ್ಣೆ ಕಾದಿದೆ, ಕೋಳಿ ಒಣಗಿದೆಯಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಬಾಡೂಟ ಮಾಡುವ ಮನೆಗಳಲ್ಲಿ ಹಬ್ಬದ ಮಾರನೇ ದಿನ ಒಲೆಗೆ ಬಿಡುವೇ ಇರಲ್ಲ. ಒಂದು ಕಡೆ ಸಾರು, ಇನ್ನೊಂದು ಕಡೆ ಮುದ್ದೆ. ಅಷ್ಟರಲ್ಲಿ ಮಕ್ಕಳದು ಒಂದೇ ಹಠ, 'ಅಮ್ಮಾ, ಕಬಾಬ್ ಮಾಡು!'

ಮಾಡಿ, ಬೇಡ ಅನ್ನಲ್ಲ. ಆದರೆ ಫ್ರಿಜ್‌ನಿಂದ ತೆಗೆದ ಕೋಳಿ ತುಂಡನ್ನು ನೀರು ಸೋರುತ್ತಿರುವಾಗಲೇ ಬಾಣಲೆಗೆ ಹಾಕಬೇಡಿ. ಕರಿಯುವ ಎಣ್ಣೆಯ ಕಾವು 170-180 ಡಿಗ್ರಿ, ನೀರು ಕುದಿಯುವುದು 100ಕ್ಕೇ. ಒಳಗೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿ ಕರಿಯಲು ಹೋಗಿ ಮನೆಗೇ ಬೆಂಕಿ ಹತ್ತಿಸಿಕೊಂಡವರಿದ್ದಾರೆ.

ತುಂಡುಗಳ ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಮಸಾಲೆ ಹಚ್ಚಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಪುಡಿ ಸಾಕು. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿತು. ಎಣ್ಣೆ ಅರ್ಧ ಬಾಣಲೆ ದಾಟದಿರಲಿ. ಒಂದು ಸಲಕ್ಕೆ ನಾಲ್ಕೇ ತುಂಡು, ನಡು ಉರಿ. ದಪ್ಪ ಕಾಲಿನ ತುಂಡಿಗೆ ಚಾಕುವಿನಿಂದ ಗೀರು ಹಾಕಿ. ಇಲ್ಲದಿದ್ದರೆ ಹೊರಗೆ ಕೆಂಪಗೆ, ಮೂಳೆ ಹತ್ತಿರ ಹಸಿ!

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಸುರಿಯಲೇಬೇಡಿ. ಗ್ಯಾಸ್ ಆಫ್ ಮಾಡಿ, ದೊಡ್ಡ ಸ್ಟೀಲ್ ತಟ್ಟೆ ಮುಚ್ಚಿ, ಪೂರ್ತಿ ಆರುವವರೆಗೂ ತೆಗೆಯಬೇಡಿ. ಕೈ ಸುಟ್ಟರೆ ಇಂಕು, ಟೂತ್‌ಪೇಸ್ಟ್ ಹಚ್ಚಬೇಡಿ (ನಮ್ಮತ್ತೆ ಇವತ್ತಿಗೂ ಪೇಸ್ಟನ್ನೇ ಹುಡುಕುತ್ತಾರೆ). ಬಳೆ, ಉಂಗುರ ತೆಗೆದು 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಬೊಬ್ಬೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ, ಕಬಾಬ್ ಕಾಯಲಿ.