ಗೋಡೆಯೊಳಗಿನ ಹಳೆಯ ಪೈಪು

ಮನೆಯಲ್ಲಿ ವೈಫೈ ಇರುವಾಗ ಗೋಡೆಯೊಳಗೆ ತಂತಿ ಏಕೆ ಎಂದು ನೀವು ಕೇಳುವುದು ಸಹಜ. ನಾನೂ ಹಾಗೆಯೇ ಕೇಳಿದವಳು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ, ಮೂವತ್ತು ವರ್ಷ ಅಂಧೇರಿಯ ಅಡುಗೆಮನೆಯಲ್ಲಿ ಕಳೆದ ನನಗೂ ಈ ತಂತಿಗೂ ನಂಟು ಬೆಳೆದದ್ದು 2023ರಲ್ಲಿ, ಮಗಳ ಕೆಲಸದ ಸಂದರ್ಶನದ ದಿನ.

ರೌಟರ್ ಇದ್ದದ್ದು ಹಾಲಿನಲ್ಲಿ, ಮಗಳು ಕೂತದ್ದು ಒಳಕೋಣೆಯಲ್ಲಿ. ನಡುವೆ ಎರಡು ಗೋಡೆ, ಒಂದು ಕಾಂಕ್ರೀಟ್ ಕಂಬ, ನನ್ನ ಮದುವೆಯ ಸೀರೆಗಳಿರುವ ಉಕ್ಕಿನ ಕಪಾಟು. ಕಾಂಕ್ರೀಟು, ಅದರೊಳಗಿನ ಕಬ್ಬಿಣ, ಕಪಾಟು ಎಲ್ಲವೂ ರೇಡಿಯೋ ಅಲೆಗಳಿಗೆ ಅಡ್ಡಿಯೇ. ಸಾಲದ್ದಕ್ಕೆ ಮೇಲೆ ಕೆಳಗಿನ ಫ್ಲ್ಯಾಟುಗಳ ವೈಫೈಗಳೂ ಅದೇ ಗಾಳಿಯಲ್ಲಿ ಲೋಕಲ್ ಟ್ರೇನಿನ ಜನರಂತೆ ನುಗ್ಗುತ್ತಿರುತ್ತವೆ. ಮೂರನೆಯ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಂತೆ ಚಿತ್ರ ನಿಂತಿತು, ಮತ್ತೆ ಬರಲಿಲ್ಲ. ಆ ಕೆಲಸ ಸಿಗಲಿಲ್ಲ. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಂತಿ ಎಳೆಯಲು ಕರೆಸಿದ ಕೆಲಸಗಾರ ಗೋಡೆ ಕೊರೆಯಬೇಕೆಂದ. ಬೇಡವೆಂದರೆ ಲೈಟಿನ ಪೈಪಿನಲ್ಲೇ ತೂರಿಸಿಬಿಡುತ್ತೇನೆ ಎಂದ. ಇದಕ್ಕೆ ಮಾತ್ರ ನೀವು ಎಂದೂ ಒಪ್ಪಬಾರದು. 230 ವೋಲ್ಟಿನ ವಿದ್ಯುತ್ ತಂತಿಯೂ ನೆಟ್‌ವರ್ಕಿನ ತಂತಿಯೂ ಒಂದೇ ಪೈಪಿನಲ್ಲಿರುವುದು ಅಪಾಯ. ಇನ್ನು ಕೊರೆಯುವುದಾದರೆ ಸೊಸೈಟಿಗೆ ತಿಳಿಸಬೇಕು, ಕಂಬ ತೊಲೆಗಳನ್ನು ಮುಟ್ಟಲೇಬಾರದು.

ಆಗ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆ, "ಟೆಲಿಫೋನಿನ ಪೈಪು ಉಂಟಲ್ಲ" ಎಂದರು.

ನಿಮಗೆ ಇದು ಕತೆಯಂತೆ ಕೇಳೀತು. ಅಂದು ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಫೋನ್ ಬರುವ ಮೊದಲೇ, ಬಂದೇ ಬರುತ್ತದೆಂಬ ನಂಬಿಕೆಯಿಂದ, ಇವರು ಹಾಲಿನಿಂದ ಒಳಕೋಣೆಗೆ ಗೋಡೆಯೊಳಗೆ ಪೈಪು ಹಾಕಿಸಿದ್ದರು. 1994ರಲ್ಲಿ ಫೋನ್ ಬಂತು. ನಮ್ಮ ನಂಬರು ಇಡೀ ಮಾಳಿಗೆಗೆ ಪಿ.ಪಿ. ನಂಬರಾಯಿತು, ಊರಿಂದ ಕರೆ ಬಂದರೆ ನಾನು ಒಲೆ ಸಣ್ಣಗೆ ಮಾಡಿ ಪಕ್ಕದವರ ಬಾಗಿಲು ತಟ್ಟುತ್ತಿದ್ದೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದಾಗ ಅದೂ ಮನೆಗಳಿಗೆ ಬಂದುದು ಟೆಲಿಫೋನಿನ ಇಂಥದೇ ಜೋಡಿ ತಂತಿಯಲ್ಲಿ. ಕಾರ್ಕಳದಿಂದ ನನ್ನ ತಂದೆಯವರು ತೀರಿಕೊಂಡ ಸುದ್ದಿ ಬಂದುದೂ ಆ ತಂತಿಯಲ್ಲೇ.

ಆ ಭಾನುವಾರ ಅದನ್ನು ನಾವೇ ಎಳೆದೆವು. ಹಳೆಯ ತಂತಿಯ ತುದಿಗೆ ಹೊಸ ಕ್ಯಾಟ್ 6 ಕೇಬಲನ್ನೂ ಒಂದು ಗಟ್ಟಿ ನೂಲನ್ನೂ ಕಟ್ಟಿ, ಟೇಪು ಸುತ್ತಿ, ಮೇಲೆ ಟಾಲ್ಕಂ ಪೌಡರ್ ಸವರಿ, ಮಗಳು ಹಾಲಿನಿಂದ ನೂಕಿದಳು, ಇವರು ಒಳಗಿನಿಂದ ಎಳೆದರು. ಮೂಲೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಜಗ್ಗಬಾರದು, ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಬೇಕು. ಪೈಪಿಲ್ಲದೆ ನೇರ ಗಾರೆಯಲ್ಲೇ ಹೂತ ತಂತಿಯಾದರೆ ಅದು ಬರುವುದೇ ಇಲ್ಲ. ಅಂಥವರು ಪ್ಲಾಸ್ಟಿಕ್ ಪಟ್ಟಿಯನ್ನೇ ನೆಚ್ಚಿಕೊಳ್ಳಬೇಕು.

ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಬೇಗ ಮುರಿಯುತ್ತದೆ. ಗೋಡೆಯೊಳಗೆ ಹೋಗುವುದಕ್ಕೆ ಅಪ್ಪಟ ತಾಮ್ರವೇ ಬೇಕು. ಒಳಗೆ ಎಂಟು ಎಳೆಗಳು, ನಾಲ್ಕು ಜೋಡಿಗಳಾಗಿ ಮಲ್ಲಿಗೆ ದಂಡೆಯಂತೆ ಹೊಸೆದಿರುತ್ತವೆ. ಹೊರಗಿನ ವಿದ್ಯುತ್ತಿನ ಗದ್ದಲ ಎರಡೂ ಎಳೆಗಳಿಗೆ ಸಮನಾಗಿ ತಗಲಿ ಕಳೆದುಹೋಗಲಿ ಎಂದು ಈ ಹೊಸೆತ. ಇದರ ಪೇಟೆಂಟನ್ನು 1881ರಲ್ಲೇ ಪಡೆದವರು ಟೆಲಿಫೋನಿನ ಗ್ರಹಾಂ ಬೆಲ್! ಆದುದರಿಂದ ಸಾಕೆಟ್ಟಿಗೆ ಜೋಡಿಸುವಾಗ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಸಾಕೆಟ್ಟಿನ ಮೇಲೆ ಎ ಮತ್ತು ಬಿ ಎಂದು ಎರಡು ಬಣ್ಣದ ಕ್ರಮ ಬರೆದಿರುತ್ತದೆ. ಯಾವುದಾದರೂ ಸರಿ, ಎರಡೂ ತುದಿಯಲ್ಲಿ ಒಂದೇ ಇರಲಿ.

ನಮ್ಮದು ಮೊದಲು 100 ಮೆಗಾಬಿಟ್ಟಿಗೇ ನಿಂತಿತು. ಆ ವೇಗಕ್ಕೆ ಎರಡು ಜೋಡಿ ಸಾಕು; ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಟೆಸ್ಟರಿನಲ್ಲಿ ಎಂಟನೆಯ ದೀಪ ಹೊತ್ತಲಿಲ್ಲ. ಕಂದು ಬಣ್ಣದ ಎಳೆ ಸರಿಯಾಗಿ ಕೂತಿರಲಿಲ್ಲ. ಪಂಚಿಂಗ್ ಟೂಲಿನಿಂದ ಮತ್ತೊಮ್ಮೆ ಒತ್ತಿದ್ದು ನಾನು ಎಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಮುಂದಿನ ಸಂದರ್ಶನ ಒಂದು ಗಂಟೆ ನಡೆಯಿತು, ಒಮ್ಮೆಯೂ ತಡೆಯಲಿಲ್ಲ. ನಾನು ಕುಕ್ಕರ್ ಇಡದೆ ಕಾದಿದ್ದೆ. ಮಗಳಿಗೆ ಅಲ್ಲಿ ಕೆಲಸವೂ ಆಯಿತು.

ನಿಮ್ಮ ಮನೆ ಹಳೆಯದಾದರೆ, ಡ್ರಿಲ್ ತರುವ ಮೊದಲು ಅಪ್ಪನನ್ನೋ ಅಜ್ಜನನ್ನೋ ಕೂರಿಸಿಕೊಂಡು ಗೋಡೆಯಲ್ಲಿ ಎಲ್ಲೆಲ್ಲಿ ಏನಿದೆ ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಕೇಬಲಿನ ಜೊತೆ ಎಳೆದ ನೂಲನ್ನು ಪೈಪಿನಲ್ಲೇ ಬಿಡಿ, ಮುಂದೆ ಬೇಕಾಗುತ್ತದೆ. ಹಳೆಯ ತಂತಿಯನ್ನು ಭಂಗಾರಿನವನಿಗೆ ಕೊಡಲು ನಾನು ತೆಗೆದಿಟ್ಟಿದ್ದೆ. ಇವರು ಅದನ್ನು ಸುರುಳಿ ಸುತ್ತಿ, ಕಪಾಟಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟಿದ್ದಾರೆ.