ಜಪಾನಿನ ಶಾವಿಗೆಯಂಗಡಿ

ದೇಶಾಂತರದ ವೃತ್ತಾಂತವನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿನ ದೇವಾಲಯ, ರಾಜಬೀದಿ, ಯಂತ್ರಶಾಲೆ ಮೊದಲಾದವುಗಳನ್ನು ವಿಸ್ತಾರವಾಗಿ ವರ್ಣಿಸುವರು. ಆ ದೇಶದ ಕೂಲಿಗಾರನೂ ಗುಮಾಸ್ತೆಯೂ ವಿದ್ಯಾರ್ಥಿಯೂ ಹಸಿದಾಗ ಎಲ್ಲಿಗೆ ಹೋಗುವರು, ಏನನ್ನು ಉಣ್ಣುವರು ಎಂಬುದನ್ನು ತಿಳಿಸುವವರು ವಿರಳ. ಗೃಹಸ್ಥರಾದ ನಮ್ಮ ವಾಚಕರಿಗೆ ಈ ಎರಡನೆಯ ವಿಷಯವೂ ರುಚಿಸೀತೆಂಬ ನಂಬಿಕೆಯಿಂದ, ಜಪಾನಿನ ರಾಮೆನ್ ಅಂಗಡಿಗಳ ಸಂಗತಿಯನ್ನೂ, ಅಂತಹ ಅಂಗಡಿಯೊಂದರಲ್ಲಿ ಬಾಳನ್ನು ಸವೆಸಿದ ಒಬ್ಬ ಅಡಿಗೆಯವರ ಚರಿತ್ರೆಯನ್ನೂ ಇಲ್ಲಿ ನಿರೂಪಿಸುತ್ತೇನೆ.

ರಾಮೆನ್ ಎಂಬುದು ಗೋದಿಯ ಹಿಟ್ಟಿನ ಶಾವಿಗೆ. ಹಿಟ್ಟನ್ನು ನಾದುವಾಗ, ನಾವು ಹಪ್ಪಳದ ಹಿಟ್ಟಿಗೆ ಕೂಡಿಸುವಂತೆ, ಒಂದು ಬಗೆಯ ಕ್ಷಾರವನ್ನು ಕೂಡಿಸುವರು. ಎಳೆಗೆ ನಸು ಹಳದಿಯ ಬಣ್ಣವೂ, ಬೆಂದರೂ ಮುದ್ದೆಯಾಗದ ಬಿಗಿಯೂ ಬರುವುದು ಈ ಕ್ಷಾರದಿಂದಲೇ. ಈ ಪಾಕದ ಮೂಲ ಚೀನಾ ದೇಶ. ೧೯೧೦ರಲ್ಲಿ ಟೋಕಿಯೋ ನಗರದ ಅಸಕುಸಾ ಎಂಬಲ್ಲಿ ರೈರೈಕೆನ್ ಎಂಬ ಅಂಗಡಿಯು ತೆರೆದು, ಚೀನೀ ಅಡಿಗೆಯವರನ್ನಿಟ್ಟುಕೊಂಡು ಇದನ್ನು ಜನಸಾಮಾನ್ಯರ ತಿಂಡಿಯನ್ನಾಗಿ ಮಾಡಿತು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಅಕ್ಕಿಗೆ ಬರ ಬಂದು, ಅಮೆರಿಕದ ಗೋದಿಯು ಹೇರಳವಾಗಿ ಬಂದಿಳಿದಾಗ, ಬೀದಿಬೀದಿಯಲ್ಲಿಯೂ ಶಾವಿಗೆಯ ಗಾಡಿಗಳು ಕಾಣಿಸಿಕೊಂಡವು. ೧೯೫೮ರಲ್ಲಿ ಆಂಡೋ ಮೊಮೊಫುಕು ಎಂಬವರು ಶಾವಿಗೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ ಪೊಟ್ಟಣದಲ್ಲಿಟ್ಟು ಮಾರುವ ಕ್ರಮವನ್ನು ಕಂಡುಹಿಡಿದರು. ಇಂದು ನಮ್ಮ ಮೊಮ್ಮಕ್ಕಳು ಶಾಲೆಯಿಂದ ಬಂದೊಡನೆ ಬೇಯಿಸಿಕೊಳ್ಳುವ ಪೊಟ್ಟಣದ ಶಾವಿಗೆಯು ಇದೇ ವಂಶದ್ದು.

ಸಾಧಾರಣವಾದ ರಾಮೆನ್ನಿನಲ್ಲಿ ಶಾವಿಗೆಯು ಬಿಸಿ ಸಾರಿನೊಳಗೇ ಇರುತ್ತದೆ. ಇದರದೇ ಇನ್ನೊಂದು ಭೇದವುಂಟು. ಅದಕ್ಕೆ ತ್ಸುಕೆಮೆನ್ ಎಂದು ಹೆಸರು. ‘ತ್ಸುಕೆ’ ಎಂದರೆ ಅದ್ದುವುದು, ‘ಮೆನ್’ ಎಂದರೆ ಶಾವಿಗೆ. ದಪ್ಪನಾದ ಎಳೆಗಳನ್ನು ಬೇಯಿಸಿ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಅಂಟನ್ನು ತೆಗೆದು, ಒಂದು ಬಟ್ಟಲಿನಲ್ಲಿಡುವರು. ಮತ್ತೊಂದು ಬಟ್ಟಲಿನಲ್ಲಿ ಸುಡುಸುಡುವ ಗಾಢವಾದ ಸಾರು. ನಾಲ್ಕಾರು ಎಳೆಗಳನ್ನು ಕಡ್ಡಿಗಳಿಂದೆತ್ತಿ ಸಾರಿನಲ್ಲಿ ಅದ್ದಿ ತಿನ್ನಬೇಕು. ಎಳೆಗೆ ಅಂಟುವ ಸಾರು ಸ್ವಲ್ಪವೇ ಆದುದರಿಂದ ಅದರ ಉಪ್ಪು ಖಾರಗಳು ಸಾಮಾನ್ಯ ಸಾರಿಗಿಂತ ತೀಕ್ಷ್ಣವಾಗಿರುವುವು.

ಹೆಸರಾದ ಅಂಗಡಿಗೆ ಹೋದವನಿಗೆ ಮೊದಲು ಕಾಣುವುದು ಬೀದಿಯಲ್ಲಿ ನಿಂತ ಜನರ ಸಾಲು. ನೂಕಾಟವಿಲ್ಲ, ಗದ್ದಲವಿಲ್ಲ. ಬಾಗಿಲ ಬಳಿ, ರೈಲ್ವೆ ನಿಲ್ದಾಣದಲ್ಲಿರುವಂತಹ ಟಿಕೆಟ್ಟಿನ ಯಂತ್ರವೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಹಣ ಹಾಕಿ ಬೇಕಾದುದರ ಗುಂಡಿಯನ್ನೊತ್ತಿದರೆ ಚೀಟಿ ಬರುವುದು. ಒಳಗೆ ಉದ್ದನೆಯ ಒಂದೇ ಹಲಗೆ, ಅದರ ಮುಂದೆ ಸಾಲಾಗಿ ಪೀಠಗಳು, ಹಲಗೆಯಾಚೆ ಒಲೆಗಳು. ಅಡಿಗೆಯವರು ಕುದಿನೀರಿನಿಂದ ಜಾಲರಿಯನ್ನೆತ್ತಿ ಒದರುವುದು, ತೊಳೆಯುವುದು, ಬಡಿಸುವುದು ಎಲ್ಲವೂ ಉಣ್ಣುವವನ ಕಣ್ಣೆದುರಿನಲ್ಲಿಯೇ ನಡೆಯುತ್ತದೆ. ಶಾವಿಗೆಯನ್ನು ಸೊರ್ರೆಂದು ಶಬ್ದಮಾಡಿ ಹೀರುವುದು ಅಲ್ಲಿ ಅಸಭ್ಯವಲ್ಲ. ಶಾವಿಗೆ ಮುಗಿದ ಮೇಲೆ ಉಳಿದ ಗಾಢವಾದ ಸಾರಿಗೆ ಬಿಸಿಯಾದ ತಿಳಿಯನ್ನು ಬೆರೆಸಿಕೊಡುವ ಪದ್ಧತಿಯುಂಟು. ಅದನ್ನು ಕುಡಿದು, ಕಾದಿರುವವರಿಗೆ ಸ್ಥಳ ಬಿಟ್ಟು ಎದ್ದು ಬರುವುದು ಮರ್ಯಾದೆ. ಭಕ್ಷೀಸು ಕೊಡುವ ವಾಡಿಕೆಯಿಲ್ಲ.

ಉಣ್ಣುವ ಮೊದಲು ಜಪಾನೀಯರು ‘ಇತದಾಕಿಮಾಸು’ ಎನ್ನುವರು. ಆ ಕ್ರಿಯಾಪದಕ್ಕೆ ತಲೆಯ ಮೇಲೆ ಹೊತ್ತುಕೊಳ್ಳುವುದೆಂಬುದು ಮೂಲಾರ್ಥ. ನಾವು ‘ಶಿರಸಾವಹಿಸುವುದು’ ಎನ್ನುವೆವಲ್ಲ, ಅದೇ ಭಾವ. ಉಂಡಾದ ಮೇಲೆ ‘ಗೊಚಿಸೋಸಮ’ ಎನ್ನುವರು. ಇದರೊಳಗಿನ ಶಬ್ದಕ್ಕೆ ಓಡಾಟವೆಂದು ಅರ್ಥ. ಅತಿಥಿಗಾಗಿ ಪದಾರ್ಥಗಳನ್ನು ಕೂಡಿಸಲು ಓಡಾಡಿದವರ ಶ್ರಮವನ್ನು ನೆನೆಯುವ ಮಾತಿದು. ಹಣ ಕೊಟ್ಟು ಉಂಡವನೂ ಇದನ್ನು ಹೇಳದೆ ಏಳುವುದಿಲ್ಲವೆಂಬುದು ಮೆಚ್ಚತಕ್ಕ ಸಂಗತಿ.

ಶಾಕಾಹಾರಿಗಳಾದ ವಾಚಕರಿಗೆ ಒಂದು ಮಾತು ಹೇಳಲೇಬೇಕು. ಈ ಸಾರನ್ನು ಸಾಧಾರಣವಾಗಿ ಹಂದಿಯ ಮೂಳೆ, ಕೋಳಿ, ಒಣಮೀನುಗಳಿಂದ ಕುದಿಸಿ ತೆಗೆಯುವರು. ಮೇಲಿಡುವ ವಸ್ತುಗಳಲ್ಲಿ ಮಲೆನಾಡಿನ ಕಳಲೆಯಂತಹ ಹುಳಿಬರಿಸಿದ ಬಿದಿರ ಮೊಳಕೆಯೊಂದು ನಮಗೆ ಪರಿಚಿತವೆನಿಸೀತು. ಆದರೆ ಮಾಂಸವಿಲ್ಲದ ಅಡಿಗೆಯು ಆ ದೇಶಕ್ಕೆ ಅಪರಿಚಿತವಲ್ಲ. ಬೌದ್ಧ ವಿಹಾರಗಳ ಶಾಕಪಾಕಕ್ಕೆ ‘ಶೋಜಿನ್’ ಎಂದು ಹೆಸರು. ಇದು ಸಂಸ್ಕೃತದ ‘ವೀರ್ಯ’ ಶಬ್ದಕ್ಕೆ, ಎಂದರೆ ಧರ್ಮಮಾರ್ಗದ ದೃಢಪ್ರಯತ್ನಕ್ಕೆ, ಪೂರ್ವದೇಶದವರು ಮಾಡಿಕೊಂಡ ಭಾಷಾಂತರ. ಅಲ್ಲಿ ಸಾರಿಗೆ ಕೊಂಬು ಎಂಬ ಕಡಲ ಸಸ್ಯವೂ ಒಣಗಿದ ಅಣಬೆಯೂ ಆಧಾರ. ೧೯೦೮ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಾದ ಇಕೆದಾ ಕಿಕುನಾಯೆಯವರು ನಮ್ಮ ಷಡ್ರಸಗಳಲ್ಲಿ ಹೆಸರಿಲ್ಲದ ‘ಉಮಾಮಿ’ ಎಂಬ ರುಚಿಯ ಮೂಲದ್ರವ್ಯವನ್ನು ಬೇರ್ಪಡಿಸಿದುದು ಈ ಕೊಂಬುವಿನಿಂದಲೇ. ಈಚೆಗೆ ಶಾಕಾಹಾರದ ರಾಮೆನ್ನನ್ನು ಮಾಡುವ ಅಂಗಡಿಗಳೂ ಟೋಕಿಯೋದಲ್ಲಿ ಹುಟ್ಟಿವೆ. ಆದಕಾರಣ ಯಾತ್ರಿಕನು ವಿಚಾರಿಸಿ ಹೋಗತಕ್ಕದ್ದು.

ಇನ್ನು ಈ ಅದ್ದುವ ಶಾವಿಗೆಯ ಜನ್ಮವೃತ್ತಾಂತ. ನಗಾನೊ ಪ್ರಾಂತದಲ್ಲಿ ೧೯೩೪ರಲ್ಲಿ ಹುಟ್ಟಿದ ಯಮಗಿಶಿ ಕಜುವೋ ಎಂಬವರು, ಎಳೆಯ ಪ್ರಾಯದಲ್ಲಿಯೇ ಟೋಕಿಯೋಗೆ ಬಂದು ಶಾವಿಗೆಯಂಗಡಿಯ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಕೆಲಸದವರು, ಬೇಯಿಸಿದ ಜಾಲರಿಯಲ್ಲಿ ಉಳಿದುಹೋದ ಎಳೆಗಳನ್ನು ಕೂಡಿಟ್ಟು, ಚಹಾದ ಬಟ್ಟಲಿನಲ್ಲಿ ಸ್ವಲ್ಪ ಸಾರನ್ನು ಹಾಕಿಕೊಂಡು ಅದರಲ್ಲಿ ಅದ್ದಿ ತಿನ್ನುತ್ತಿದ್ದರು. ಅದು ಕೆಲಸದವರ ಊಟ; ಮಾರುವ ಪದಾರ್ಥವಲ್ಲ. ಯಮಗಿಶಿಯವರು ನಕಾನೊ ಎಂಬಲ್ಲಿನ ತೈಶೋಕೆನ್ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದಾಗ ಹೀಗೆ ತಿನ್ನುತ್ತಿರುವುದನ್ನು ಕಂಡ ಗಿರಾಕಿಯೊಬ್ಬನು ತನಗೂ ಅದನ್ನೇ ಕೊಡೆಂದನು. ಯಮಗಿಶಿಯವರು ಅದಕ್ಕೆ ವಿನಿಗರೂ ಸಕ್ಕರೆಯೂ ಮೆಣಸಿನಕಾಯಿಯೂ ಬೆರೆತ ಸಾರನ್ನು ಹವಣಿಸಿ, ೧೯೫೫ರಲ್ಲಿ ‘ಮೊರಿಸೊಬ’ ಎಂಬ ಹೆಸರಿನಿಂದ ಮಾರತೊಡಗಿದರು. ತ್ಸುಕೆಮೆನ್ ಎಂಬ ಹೆಸರು ಪ್ರಚಾರಕ್ಕೆ ಬಂದುದು ೧೯೭೦ರ ದಶಕದಲ್ಲಿ.

೧೯೬೧ರಲ್ಲಿ ಅವರು ಹಿಗಾಶಿ ಇಕೆಬುಕುರೊ ಎಂಬಲ್ಲಿ ಸ್ವಂತ ಅಂಗಡಿಯನ್ನು ತೆರೆದರು. ಚಿಕ್ಕ ಅಂಗಡಿ, ಗಂಡಹೆಂಡಿರ ದುಡಿಮೆ. ೧೯೮೬ರಲ್ಲಿ ಪತ್ನಿಯವರು ತೀರಿಕೊಂಡರು. ಕೆಲವು ತಿಂಗಳು ಅಂಗಡಿಯ ಬಾಗಿಲು ಮುಚ್ಚಿತ್ತು. ಮತ್ತೆ ತೆರೆದಾಗ ಯಮಗಿಶಿಯವರು ಕಲಿಯಬಂದ ತರುಣರನ್ನು ಒಳಗೆ ಸೇರಿಸಿಕೊಂಡರು. ಉಪಾಧ್ಯಾಯ ವೃತ್ತಿಯಲ್ಲಿದ್ದ ನನಗೆ ಈ ಚರಿತ್ರೆಯಲ್ಲಿ ಅತಿ ಮುಖ್ಯವೆಂದು ತೋರುವ ಭಾಗವಿದು.

ಜಪಾನಿನ ವರ್ತಕರಲ್ಲಿ ಒಂದು ಹಳೆಯ ಸಂಪ್ರದಾಯವುಂಟು. ಅಂಗಡಿಯ ಬಾಗಿಲಿಗೆ ತೂಗುಹಾಕುವ ಹೆಸರಿನ ತೆರೆಗೆ ‘ನೊರೆನ್’ ಎನ್ನುವರು. ಬಹುಕಾಲ ದುಡಿದ ಶಿಷ್ಯನಿಗೆ ಯಜಮಾನನು ಅದೇ ಹೆಸರಿನ ತೆರೆಯನ್ನು ಹಾಕಿಕೊಳ್ಳಲು ಅನುಮತಿ ಕೊಡುವನು. ಯಮಗಿಶಿಯವರು ಈ ಅನುಮತಿಯನ್ನು ಮುಕ್ತಹಸ್ತದಿಂದ ಕೊಟ್ಟರು. ಸಾರಿನ ಪಾಕವನ್ನು ಬಚ್ಚಿಡಲಿಲ್ಲ; ಹೆಸರಿಗಾಗಿ ಶಿಷ್ಯರಿಂದ ಕಾಣಿಕೆಯನ್ನು ಬೇಡಲಿಲ್ಲ. ಹೀಗೆ ನೂರಕ್ಕೂ ಹೆಚ್ಚು ಮಂದಿ ಅವರಿಂದ ಕಲಿತು ಊರೂರುಗಳಲ್ಲಿ ಅಂಗಡಿಯಿಟ್ಟರು. ಎಲ್ಲರ ಕೈ ಒಂದೇ ಸಮನಾಗಿರಲಿಲ್ಲ. ಗುರುಗಳ ಕೊನೆಗಾಲದಲ್ಲಿ ಶಿಷ್ಯರು ಎರಡು ಸಂಘಗಳಾಗಿ ಒಡೆದುದೂ ಉಂಟು. ಧಾರಾಳವಾಗಿ ಕೊಡುವವನಿಗೆ ಇಂತಹ ನಷ್ಟಗಳು ತಪ್ಪುವುದಿಲ್ಲ.

ಆದರೆ ಕೊಡದಿದ್ದರೆ ಏನಾಗುತ್ತಿತ್ತೆಂಬುದನ್ನೂ ಯೋಚಿಸಬೇಕು. ೨೦೦೭ನೆಯ ಮಾರ್ಚಿ ತಿಂಗಳಲ್ಲಿ ಆ ಬೀದಿಯ ಪುನರ್ನಿರ್ಮಾಣಕ್ಕಾಗಿ ಹಳೆಯ ಅಂಗಡಿಯನ್ನು ಮುಚ್ಚಬೇಕಾಯಿತು. ಕಡೆಯ ದಿನ ಜನರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಪಾಕವು ಒಬ್ಬರ ಎದೆಯಲ್ಲಿಯೇ ಉಳಿದಿದ್ದರೆ ಅಂದಿಗೇ ಅದರ ಕಥೆ ಮುಗಿಯುತ್ತಿತ್ತು. ಮುಂದಿನ ವರ್ಷದ ಜನವರಿಯಲ್ಲಿ ಶಿಷ್ಯರೊಬ್ಬರು ಸಮೀಪದಲ್ಲಿಯೇ ಅದೇ ಹೆಸರಿನ ತೆರೆಯನ್ನು ಮತ್ತೆ ತೂಗುಹಾಕಿದರು. ಯಮಗಿಶಿಯವರು ೨೦೧೫ನೆಯ ಏಪ್ರಿಲ್ ೧ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಕಾಲವಾದರು. ಸಾರು ಮಾತ್ರ ಇಂದಿಗೂ ಕುದಿಯುತ್ತಿದೆ.

ನಮ್ಮ ಮನೆಗಳಲ್ಲಿಯೂ ಅತ್ತೆಯ ಕೈಯ ಹುಳಿಪುಡಿ, ಅಜ್ಜಿಯ ಉಪ್ಪಿನಕಾಯಿ ಎಂದು ಹೆಸರಾದ ಪಾಕಗಳುಂಟು. ಮಗಳಿಗೆ ಹೇಳಿದ ಹದವನ್ನು ಸೊಸೆಗೆ ಹೇಳದಿರುವವರೂ, ಕೇಳಿದವರಿಗೆ ಒಂದು ಪದಾರ್ಥವನ್ನು ಬಿಟ್ಟು ಹೇಳುವವರೂ ಇರುವರು. ಅವರೊಡನೆ ಎಷ್ಟೋ ರುಚಿಗಳು ಹೊರಟುಹೋಗಿವೆ. ಹಿರಿಯರು ಇರುವಾಗಲೇ ಅವರ ಬಳಿ ಕುಳಿತು, ಅಳತೆಯನ್ನೂ ಹದವನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬರೆದುದನ್ನು ನೆರೆಮನೆಯವರು ಕೇಳಿದರೆ, ಪೂರ್ತಿಯಾಗಿ ಹೇಳತಕ್ಕದ್ದು.